ಇಲಿಯ ಪಾದದಿಂದ ಅವ್ವನ ಮಂಡಿಯವರೆಗೆ

ಮಂಡಿ ನೋವಿಗೂ ಜಾತಿ ಇದೆಯಾ ಅಂತ ಯಾರಾದ್ರೂ ಕೇಳಿದ್ರೆ, ಇದೆ ಅಂತಲೇ ಹೇಳ್ತೀನಿ. ಕಾಯಿಲೆ ಎಲ್ಲರಿಗೂ ಬರುತ್ತೆ, ಒಪ್ಪಿದೆ. ಆದ್ರೆ ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಕಂಡೋರ ಹೊಲದ ಕಳೆ ಕಿತ್ತಿದ್ದು ಯಾರು? ಮಂಡಿಯುದ್ದ ಕೆಸರಲ್ಲಿ ಬಗ್ಗಿ ನಾಟಿ ಹಾಕಿದ್ದು ಯಾರು? ಇಟ್ಟಿಗೆ ಹೊತ್ತಿದ್ದು, ಮೂಟೆ ಹೊತ್ತಿದ್ದು, ಬೀದಿ ಗುಡಿಸಿದ್ದು, ಗುಂಡಿಗೆ ಇಳಿದಿದ್ದು ಯಾರು? ಕುಕ್ಕರಗಾಲಲ್ಲಿ ಕೂರೋದು, ಮಂಡಿ ಊರೋದು, ಭಾರ ಎತ್ತೋದು ಹೆಚ್ಚಿರೋ ಕೆಲಸ ಮಾಡೋರಿಗೆ ಮಂಡಿ ಬೇಗ ಸವೆಯುತ್ತೆ ಅಂತ ವೈದ್ಯಶಾಸ್ತ್ರವೇ ಹೇಳುತ್ತೆ. ಆ ಕೆಲಸ ಯಾರ ಪಾಲಿಗೆ ಯಾಕೆ ಬಂತು ಅನ್ನೋದನ್ನ ಮಾತ್ರ ನಾವೇ ಹೇಳಬೇಕು.

ಈಗ ಯಾಕೆ ಈ ಮಾತು ಅಂದ್ರೆ, ಕೆಲವು ದಿನದಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುದ್ದಿ ಓಡಾಡ್ತಿದೆ. "ಮರದ ತೊಗಟೆಯಲ್ಲಿ ಸಂಧಿವಾತಕ್ಕೆ ಮದ್ದು, ವಿಜ್ಞಾನಿಗಳಿಂದ ಸಾಬೀತು" ಅಂತ. ಹತ್ತಾರು ಜನ ನನಗೂ ಕಳಿಸಿ, "ಅಣ್ಣ, ನಮ್ಮ ತಾತಂದಿರು ಹೇಳಿದ್ದೇ ನಿಜ ಆಯ್ತು ನೋಡಿ" ಅಂದ್ರು. ಅದೇ ಸುದ್ದಿಯ ಕೆಳಗೆ ನಮ್ಮ ವಿಚಾರವಾದಿ ಗೆಳೆಯರು, "ಚಕ್ಕೆ, ಬೇರು ಎಲ್ಲ ಬುರುಡೆ" ಅಂತ ಒಂದೇ ಸಾಲಲ್ಲಿ ಮುಗಿಸಿದ್ರು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಇಲ್ಲ. ಅದಕ್ಕೇ ಉದ್ದಕ್ಕೆ ಬರೀತಿದೀನಿ. ದಯವಿಟ್ಟು ತಾಳ್ಮೆಯಿಂದ ಓದಿ.

ಮೊದಲು ತೊಗಟೆ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಚಕ್ಕೆ ಅಂತೀವಿ. ತೊಗಟೆ ನಮಗೆ ಹೊಸದಲ್ಲ. ನಾನು ಹುಟ್ಟಿದ್ದು ತೊಗಲು ಹದ ಮಾಡೋರ ಮನೇಲಿ. ಹೊಲದ ಬದುವಲ್ಲಿ, ಗುಡ್ಡದ ಬುಡದಲ್ಲಿ ಹಳದಿ ಹೂ ಬಿಡುತ್ತಲ್ಲ ತಂಗಡಿ ಗಿಡ, ಕೆಲವು ಕಡೆ ಆವರಿಕೆ ಅಂತಾರೆ, ಅದರ ಕೊಂಬೆ ಕಡಿದು ತೊಗಟೆ ಸುಲಿದು, ಕುಟ್ಟಿ, ತೊಟ್ಟಿ ನೀರಲ್ಲಿ ನೆನೆಹಾಕಿ ನಮ್ಮ ತಾತ ಹಸಿ ತೊಗಲನ್ನ ಅದರಲ್ಲಿ ಮುಳುಗಿಸ್ತಿದ್ದ. ಬುಡ ಮುಟ್ಟುತ್ತಿರಲಿಲ್ಲ. ಮಳೆ ಬಿದ್ರೆ ಗಿಡ ಮತ್ತೆ ಚಿಗುರೋದು. ಕೊಳೆತು ಹುಳ ಬೀಳಬೇಕಿದ್ದ ತೊಗಲು ಆ ಒಗರು ನೀರಲ್ಲಿ ದಿನಗಟ್ಟಲೆ ನೆಂದು ಗಟ್ಟಿಯಾಗಿ ಹೊರಗೆ ಬರೋದು. ಕೆರ, ಮಿಣಿ, ಬಾರುಕೋಲು, ಕಪಿಲೆ ಬಾನಿ ಎಲ್ಲ ಅದರಲ್ಲೇ ಆದದ್ದು. ಊರಿನ ಬೇಸಾಯ ನಿಂತಿದ್ದು ಆ ತೊಟ್ಟಿ ಮೇಲೆ. ಆ ತೊಟ್ಟಿ ಇದ್ದ ಕಾರಣಕ್ಕೇ ನಮ್ಮನ್ನ ಊರಾಚೆ ಇಟ್ಟಿದ್ದು.

ತಾತನಿಗೆ ರಸಾಯನಶಾಸ್ತ್ರದ ಹೆಸರು ಗೊತ್ತಿರಲಿಲ್ಲ. ಕೆಲಸ ಗೊತ್ತಿತ್ತು. ತೊಗಟೆಯ ಒಗರಿಗೆ ಕಾರಣ ಟ್ಯಾನಿನ್ ಅನ್ನೋ ವಸ್ತು. ಅದು ಪ್ರೋಟೀನನ್ನ ಕಂಡರೆ ಹಿಡಿದು ಬಿಗಿಯುತ್ತೆ. ತೊಗಲಲ್ಲಿರೋ ಪ್ರೋಟೀನಿನ ಹೆಸರು ಕೊಲಾಜನ್. ನಮ್ಮ ಮಂಡಿಯ ಮೃದ್ವಸ್ಥಿಯಲ್ಲಿ, ಅಂದ್ರೆ ಎರಡು ಮೂಳೆ ಉಜ್ಜದ ಹಾಗೆ ನಡುವೆ ಕಾಯೋ ಮೆತ್ತೆಯಲ್ಲಿ ಇರೋದೂ ಒಂದು ಬಗೆಯ ಕೊಲಾಜನ್ನೇ. ಈ ಟ್ಯಾನಿನ್ ಮಾತನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಪ್ರಯೋಗಶಾಲೆ ಒಳಗೆ ಹೋದಾಗ ಬೇಕಾಗುತ್ತೆ.

ಇನ್ನು "ಸಂಧಿವಾತ" ಅನ್ನೋ ಒಂದೇ ಪದದಲ್ಲಿ ನಾವು ಬೇರೆ ಬೇರೆ ಕಾಯಿಲೆ ಸೇರಿಸಿಬಿಟ್ಟಿದ್ದೀವಿ. ಮುಖ್ಯವಾಗಿ ಎರಡು. ಒಂದು ಸವೆತ. ವಯಸ್ಸಾದಂತೆ, ದುಡಿದಂತೆ ಮಂಡಿಯ ಮೆತ್ತೆ ಸವೆದು ಮೂಳೆ ಮೂಳೆ ಉಜ್ಜೋದು. ನಮ್ಮ ಅವ್ವಂದಿರದು ಹೆಚ್ಚಾಗಿ ಇದೇ. ಇನ್ನೊಂದು ರುಮಟಾಯ್ಡ್ ಸಂಧಿವಾತ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪೊರೆಯನ್ನ ತಿನ್ನೋದು. ಎರಡೂ ಕೈಯ ಸಣ್ಣ ಬೆರಳ ಗೆಣ್ಣು ಊದ್ಕೊಳ್ಳುತ್ತೆ, ಬೆಳಗ್ಗೆ ಎದ್ದಾಗ ಗಂಟೆಗಟ್ಟಲೆ ಬೆರಳು ಮಡಚೋಕಾಗಲ್ಲ. ಇದು ಚಿಕ್ಕ ವಯಸ್ಸಿಗೂ ಬರುತ್ತೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಸವೆತದ ನೋವಿಗೆ ಶಾಖ, ವ್ಯಾಯಾಮ, ನೋವಿನ ಮಾತ್ರೆ ಅಂತ ಕಾಲ ತಳ್ಳಬಹುದು. ರುಮಟಾಯ್ಡ್‌ನಲ್ಲಿ ಮೊದಲ ತಿಂಗಳುಗಳು, ಮೊದಲ ಒಂದೆರಡು ವರ್ಷ ಬಹಳ ಮುಖ್ಯ. ಆಗ ಸರಿಯಾದ ಔಷಧಿ ಸಿಗದಿದ್ರೆ ಕೀಲು ಸೊಟ್ಟಗಾಗುತ್ತೆ, ಮತ್ತೆ ನೆಟ್ಟಗಾಗಲ್ಲ.

ಹಾಗಾದ್ರೆ ತೊಗಟೆಯಿಂದ ಮದ್ದು ಬರೋದು ಸುಳ್ಳಾ? ಇಲ್ಲ. ಬುರುಡೆ ಅನ್ನೋ ಗೆಳೆಯರಿಗೆ ಈ ಚರಿತ್ರೆ ನೆನಪಿಸ್ತೀನಿ. 1763ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಅನ್ನೋ ಪಾದ್ರಿ ವಿಲೋ ಮರದ ತೊಗಟೆಯನ್ನ ಒಣಗಿಸಿ, ಪುಡಿ ಮಾಡಿ, ಸುಮಾರು ಐವತ್ತು ಜ್ವರದ ರೋಗಿಗಳಿಗೆ ಕೊಟ್ಟು, ಏನಾಯ್ತು ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. 1828ರಲ್ಲಿ ಜರ್ಮನಿಯಲ್ಲಿ ಆ ತೊಗಟೆಯಿಂದ ಸ್ಯಾಲಿಸಿನ್ ಅನ್ನೋ ಸತ್ವ ಬೇರೆ ಮಾಡಿದ್ರು. 1876ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಮೆಕ್ಲಾಗನ್ ಅನ್ನೋ ಡಾಕ್ಟರು ಸ್ಯಾಲಿಸಿನ್ನನ್ನ ಮೊದಲು ತಾನೇ ತಗೊಂಡು ನೋಡಿ, ಆಮೇಲೆ ಕೀಲುವಾತದ ಜ್ವರದ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ. ಅದೇ ದಾರಿಯಲ್ಲಿ ಮುಂದೆ ಹೋಗಿ 1899ರಲ್ಲಿ ಆಸ್ಪಿರಿನ್ ಅನ್ನೋ ಹೆಸರಲ್ಲಿ ಮಾತ್ರೆ ಮಾರುಕಟ್ಟೆಗೆ ಬಂತು. ಅದು ಮೈಯೊಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಜಾನ್ ವೇನ್ ತೋರಿಸಿಕೊಟ್ಟಿದ್ದು 1971ರಲ್ಲಿ. ಪಾದ್ರಿ ಪತ್ರದಿಂದ ಅಲ್ಲಿಗೆ ಇನ್ನೂರು ವರ್ಷದ ಮೇಲಾಯ್ತು.

ಇನ್ನೊಂದು ತೊಗಟೆ ಸಿಂಕೋನಾ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಮರ. 1820ರಲ್ಲಿ ಅದರಿಂದ ಕ್ವಿನೈನ್ ತೆಗೆದ್ರು, ಮಲೇರಿಯಾಕ್ಕೆ ಮದ್ದಾಯ್ತು. ಅದೇ ವಂಶದಲ್ಲಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು ಹೈಡ್ರಾಕ್ಸಿಕ್ಲೋರೊಕ್ವಿನ್. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ ಮಾತ್ರೆ. ಅದನ್ನ ಇವತ್ತಿಗೂ ರುಮಟಾಯ್ಡ್ ಸಂಧಿವಾತಕ್ಕೆ ಡಾಕ್ಟರು ಬರೀತಾರೆ. ಹಾಗಾಗಿ ತೊಗಟೆಯಿಂದ ಕೀಲಿಗೆ ದಾರಿ ಇದೆ. ಆದ್ರೆ ಆ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಯಾರೋ ಅಳತೆ ಮಾಡಿದ್ರು, ಎಷ್ಟು ಕೊಟ್ಟೆ, ಯಾರಿಗೆ ಗುಣ ಆಯ್ತು, ಯಾರಿಗೆ ಆಗಲಿಲ್ಲ ಅಂತ ಬರೆದಿಟ್ರು. ಪರೀಕ್ಷೆ ಅಂದ್ರೆ ಇದೇ.

ನಮ್ಮಲ್ಲಿ ಈ ಪರೀಕ್ಷೆ ಹೇಗೆ ನಡೆಯುತ್ತೆ? ನನಗೆ ಅದನ್ನ ತಿಳಿಸಿದ್ದು ನಮ್ಮ ಜಿಲ್ಲೆಯ ಹಾಸ್ಟೆಲಿನಲ್ಲಿ ಓದಿ ಬೆಳೆದ ಒಬ್ಬಳು ತಂಗಿ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಎಂ.ಫಾರ್ಮ್ ಮಾಡ್ತಾ ಒಂದು ಕಾಡುಮರದ ತೊಗಟೆಯನ್ನೇ ಪರೀಕ್ಷೆಗೆ ತಗೊಂಡಿದ್ಲು. ಯಾವ ಮರ ಅಂತ ಇಲ್ಲಿ ಬರೆಯಲ್ಲ. ಬರೆದ್ರೆ ನಾಳೆ ಬೆಳಗ್ಗೆ ಆ ಮರದ ಮೈ ಸುಲಿಯೋರು ಹೊರಡ್ತಾರೆ. ಮಧ್ಯಾಹ್ನಕ್ಕೆ ಪುಡಿ ಮಾರೋರು ಬರ್ತಾರೆ.

ಅವಳು ಹೇಳಿದ್ದು ಇಷ್ಟು. ತೊಗಟೆ ತಂದು ಮೊದಲು ಸಸ್ಯಶಾಸ್ತ್ರದವರ ಹತ್ರ ಇದು ಇಂಥದ್ದೇ ಮರ ಅಂತ ಖಾತ್ರಿ ಮಾಡಿಸಬೇಕು. ನೆರಳಲ್ಲಿ ಒಣಗಿಸಿ, ತರಿಯಾಗಿ ಪುಡಿ ಮಾಡಿ, ಆಲ್ಕೋಹಾಲಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ ಸಾರ ತೆಗೀಬೇಕು. ಆ ದ್ರವ ಇಂಗಿಸಿದ್ರೆ ಕೊನೆಗೆ ಬೆಲ್ಲದ ಅಂಟಿನ ಹಾಗೆ ಸ್ವಲ್ಪ ಉಳಿಯುತ್ತೆ. ಮೊದಲು ಅದನ್ನ ಗಾಜಿನ ನಳಿಗೆಯಲ್ಲಿ ನೋಡ್ತಾರೆ. ಮೊಟ್ಟೆಯ ಬಿಳಿ ಲೋಳೆಯ ಪ್ರೋಟೀನಿಗೆ ಸಾರ ಬೆರೆಸಿ ಬಿಸಿ ಮಾಡೋದು. ಪ್ರೋಟೀನು ಕೆಡೋದನ್ನ ಸಾರ ಎಷ್ಟು ತಡೀತು ಅಂತ ಲೆಕ್ಕ ಹಾಕೋದು. ಜಾಸ್ತಿ ತಡೆದ್ರೆ "ಉರಿಯೂತ ನಿವಾರಕ ಗುಣ ಇದೆ" ಅಂತ ಬರೆಯೋದು.

ಅದಾದ ಮೇಲೆ ಇಲಿ. ಇದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗ ನೋಡ್ಕೊಳ್ಳೋ ನೀತಿ ಸಮಿತಿಯ ಒಪ್ಪಿಗೆ ಬೇಕು. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಅನ್ನೋ ವಸ್ತುವನ್ನ ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದ್ರೆ ಕೆಲವೇ ಗಂಟೆಯಲ್ಲಿ ಊದುತ್ತೆ. ದೀರ್ಘಕಾಲದ ಸಂಧಿವಾತ ಬರಿಸಬೇಕು ಅಂದ್ರೆ ಕ್ಷಯದ ಸತ್ತ ಬ್ಯಾಕ್ಟೀರಿಯಾವನ್ನ ಎಣ್ಣೆಯಲ್ಲಿ ಕಲಸಿ ಚುಚ್ತಾರೆ, ಅದಕ್ಕೆ ಫ್ರಾಯಿಂಡ್ ಅಡ್ಜುವೆಂಟ್ ಅಂತ ಹೆಸರು. ಮೂರು ನಾಲ್ಕು ವಾರ ದಿನಾ ಇಲಿಗೆ ಸಾರ ಕುಡಿಸಿ, ಪಾದವನ್ನ ಒಂದು ದ್ರವದಲ್ಲಿ ಗುರುತಿನ ತನಕ ಅದ್ದಿ, ಎಷ್ಟು ದ್ರವ ಮೇಲೇರಿತು ಅಂತ ಅಳೆದು ಊತದ ಲೆಕ್ಕ ಬರೀತಾರೆ. ಒಂದು ಗುಂಪಿಗೆ ಏನೂ ಕೊಡಲ್ಲ, ಇನ್ನೊಂದಕ್ಕೆ ಡೈಕ್ಲೋಫೆನಾಕ್, ಮಿಕ್ಕವಕ್ಕೆ ತೊಗಟೆ ಸಾರ. ಸಾರ ಕುಡಿದ ಇಲಿಯ ಪಾದ ಕಡಿಮೆ ಊದಿದ್ರೆ ಒಂದು ಪ್ರಬಂಧ ಪ್ರಕಟ ಆಗುತ್ತೆ. ಅಶೋಕದ ತೊಗಟೆ, ನರವೋಲೆ ಮರದ ತೊಗಟೆಯಲ್ಲಿರೋ ಲ್ಯೂಪಿಯಾಲ್ ಅನ್ನೋ ಸತ್ವ, ಇವೆಲ್ಲ ಹೀಗೆ ಇಲಿಯ ಪಾದದಲ್ಲಿ ಪಾಸಾದವೇ.

"ಅಲ್ಲಿಂದ ಮುಂದೆ?" ಅಂದೆ.

"ಮುಂದೆ ಏನಿಲ್ಲಣ್ಣ. ಡಿಗ್ರಿ ಬರುತ್ತೆ, ಪ್ರಬಂಧ ಬರುತ್ತೆ. ಮುಂದಿನ ವರ್ಷದ ಹುಡುಗರು ಇನ್ನೊಂದು ಮರ ತಗೊಳ್ತಾರೆ" ಅಂದ್ಲು.

ಆಮೇಲೆ ಅವಳೇ ತಾನು ಮಾಡಿದ ಕೆಲಸದ ಮಿತಿಗಳನ್ನ ಒಂದೊಂದಾಗಿ ಬಿಡಿಸಿಟ್ಲು. ಹೆಮ್ಮೆ ಆಯ್ತು. ವಿಜ್ಞಾನ ಓದಿದೋರು ಹೀಗೆ ಮಾತಾಡ್ಬೇಕು.

ಮೊದಲನೆಯದು ಟ್ಯಾನಿನ್. ಗಾಜಿನ ನಳಿಗೆಯಲ್ಲಿ ಪ್ರೋಟೀನಿನ ಜೊತೆ ಮಾಡೋ ಪರೀಕ್ಷೆಯಲ್ಲಿ ಒಗರು ಇರೋ ತೊಗಟೆಗಳು ಸುಮ್ಮನೆ ಪಾಸಾಗಿಬಿಡಬಹುದು. ಯಾಕಂದ್ರೆ ಟ್ಯಾನಿನ್ನಿನ ಹುಟ್ಟುಗುಣವೇ ಪ್ರೋಟೀನನ್ನ ಹಿಡಿಯೋದು. "ನಿಮ್ಮ ತಾತನ ತೊಟ್ಟಿಯಲ್ಲಿ ನಡೀತಿದ್ದದ್ದೇ ಅಣ್ಣ ಇಲ್ಲಿ ನಡೆಯೋದು" ಅಂದ್ಲು. ತೊಟ್ಟಿಯಲ್ಲಿ ತೊಗಲಿಗೆ ನೇರ ತಾಗುತ್ತೆ. ಬಾಯಿಂದ ಕುಡಿದ್ರೆ ಹಾಗಲ್ಲ. ಹೊಟ್ಟೆಯ ಪ್ರೋಟೀನೇ ಅದನ್ನ ಹಿಡ್ಕೊಳ್ಳುತ್ತೆ, ಕರುಳು ಅದನ್ನ ಒಡೆಯುತ್ತೆ. ಮಂಡಿ ತನಕ ಅದು ಅದೇ ರೂಪದಲ್ಲಿ ತಲುಪಲ್ಲ. ನಳಿಗೆಯ ಫಲಿತಾಂಶ ನೋಡಿ ಮಂಡಿಗೆ ಮದ್ದು ಅನ್ನೋರಿಗೆ ಹದ ಮಾಡೋರ ಮನೆಯ ಮಗು ಕೂಡ ಉತ್ತರ ಹೇಳಬಹುದು.

ಎರಡನೆಯದು ಕಾಲ. ಎಷ್ಟೋ ಪ್ರಯೋಗಗಳಲ್ಲಿ ಪಾದ ಊದೋ ಮುಂಚೆಯೇ, ಇಲ್ಲಾ ಊದಿಸಿದ ದಿನದಿಂದಲೇ ಸಾರ ಕೊಡ್ತಾರೆ. ನಮ್ಮವರು ಆಸ್ಪತ್ರೆಗೆ ಬರೋದು ಹತ್ತು ಹದಿನೈದು ವರ್ಷ ನೋವು ತಿಂದ ಮೇಲೆ. ಫ್ರಾಯಿಂಡ್ ಇಲಿಯ ಕಾಯಿಲೆ ರುಮಟಾಯ್ಡ್ ಜಾತಿಯದ್ದು, ಕೂಲಿ ಮಾಡಿ ಸವೆದ ಮಂಡಿಯದ್ದಲ್ಲ.

ಮೂರನೆಯದು ಪ್ರಮಾಣ. ಇಲಿಗೆ ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ 200 ಮಿ.ಗ್ರಾಂ, 400 ಮಿ.ಗ್ರಾಂ ಲೆಕ್ಕದಲ್ಲಿ ಸಾರ ಕೊಡ್ತಾರೆ. ಇಲಿಯ ಲೆಕ್ಕವನ್ನ ಮನುಷ್ಯರಿಗೆ ತರೋಕೆ ಸುಮಾರು ಆರರಿಂದ ಭಾಗಿಸ್ತಾರೆ. 200ರ ಲೆಕ್ಕ ಹಿಡಿದ್ರೆ 50 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 1.6 ಗ್ರಾಂ ಸಾರ ಬೇಕು. ನೂರು ಗ್ರಾಂ ತೊಗಟೆಗೆ ಹತ್ತು ಗ್ರಾಂ ಸಾರ ಬರುತ್ತೆ ಅಂತಲೇ ಇಟ್ಕೊಳ್ಳಿ, ದಿನಕ್ಕೆ 16 ಗ್ರಾಂ ಒಣ ತೊಗಟೆ. ವರ್ಷಕ್ಕೆ ಹತ್ತಿರ ಹತ್ತಿರ 6 ಕೆ.ಜಿ., ಒಬ್ಬರಿಗೆ. ಒಂದು ಹಟ್ಟಿಯಲ್ಲಿ ಮಂಡಿ ನೋವಿರೋ ಹೆಂಗಸರು ಐವತ್ತು ಜನ ಅಂದ್ರೆ 300 ಕೆ.ಜಿ. ಎಷ್ಟು ಮರ ಬೇಕು ನೀವೇ ಲೆಕ್ಕ ಹಾಕಿ. ಮರದ ಸುತ್ತ ಉಂಗುರದ ಹಾಗೆ ತೊಗಟೆ ಸುಲಿದ್ರೆ ಎಲೆಯಲ್ಲಾದ ಆಹಾರ ಬೇರಿಗೆ ಇಳಿಯೋ ದಾರಿಯೇ ಕಡಿದುಹೋಗಿ ಮರ ಸಾಯುತ್ತೆ. ಅಶೋಕಕ್ಕೆ ಆಗಿದ್ದು ನೋಡಿ. ತೊಗಟೆಗೋಸ್ಕರ ಸುಲಿದೂ ಸುಲಿದೂ ಈಗ ಅದು ಅಪಾಯದಲ್ಲಿರೋ ಮರಗಳ ಪಟ್ಟಿ ಸೇರಿದೆ. ಡಿಎನ್‌ಎ ಪರೀಕ್ಷೆ ಮಾಡಿ ನೋಡಿದಾಗ, ಮಾರುಕಟ್ಟೆಯಲ್ಲಿ ಅಶೋಕದ ತೊಗಟೆ ಅಂತ ಮಾರ್ತಿದ್ದ ಮಾಲಲ್ಲಿ ಬಹುಪಾಲು ಅಶೋಕವೇ ಆಗಿರಲಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: ಮನುಷ್ಯರ ಮೇಲಿನ ಪರೀಕ್ಷೆ. ಆಸ್ಪಿರಿನ್ನಿನ ತಾಯಿ ಅನ್ನಿಸಿಕೊಂಡ ವಿಲೋ ತೊಗಟೆಯ ಸಾರವನ್ನೇ ಜರ್ಮನಿಯಲ್ಲಿ ಮತ್ತೆ ಪರೀಕ್ಷೆ ಮಾಡಿದ್ರು. 2001ರಲ್ಲಿ ಸವೆತ ಇದ್ದ 78 ರೋಗಿಗಳಿಗೆ ಎರಡು ವಾರ ಕೊಟ್ಟಾಗ ನೋವು ಸ್ವಲ್ಪ ಕಡಿಮೆ ಆಯ್ತು. 2004ರಲ್ಲಿ ಇನ್ನೂ ಹೆಚ್ಚು ಜನರಿಗೆ ಕೊಟ್ಟು ಹುಸಿಮಾತ್ರೆಯ ಜೊತೆ ಹೋಲಿಸಿದ್ರೆ, ಸವೆತಕ್ಕೂ ರುಮಟಾಯ್ಡ್‌ಗೂ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಚೀನಾದಲ್ಲಿ ಒಂದು ಬಳ್ಳಿಯ ಬೇರನ್ನ ರುಮಟಾಯ್ಡ್‌ಗೆ ಕೊಡ್ತಾರೆ. 2014ರಲ್ಲಿ 207 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಅದು ಮೆಥೊಟ್ರೆಕ್ಸೇಟ್ ಅನ್ನೋ ಇಂಗ್ಲಿಷ್ ಔಷಧಿಗೆ ಸಮನಾಗಿ ನಿಂತಿತು. ಆದ್ರೆ ಆ ಬೇರಿನ ತೊಗಟೆ ವಿಷ, ಸುಲಿದು ಎಸೀಬೇಕು. ತೊಗಟೆ ತೆಗೆದ ಬೇರು ಕೂಡ ಹೆಂಗಸರ ಮುಟ್ಟು ನಿಲ್ಲಿಸಬಹುದು, ಗಂಡಸರ ವೀರ್ಯ ಕೆಡಿಸಬಹುದು. ಇಷ್ಟೂ ಗೊತ್ತಾಗಿದ್ದು ಮನುಷ್ಯರನ್ನ ಗಮನಿಸಿ, ಬರೆದಿಟ್ಟಿದ್ದಕ್ಕೇ.

ಹಾಗಾದ್ರೆ ನಮ್ಮ ಮರಗಳ ತೊಗಟೆ ಯಾಕೆ ಇಲಿಯ ಪಾದದಲ್ಲೇ ನಿಂತುಬಿಡುತ್ತೆ? ಮನುಷ್ಯರ ಮೇಲಿನ ಪರೀಕ್ಷೆಗೆ ಕೋಟಿಗಟ್ಟಲೆ ಬೇಕು. ಹಿತ್ತಲಲ್ಲಿ ಸಿಗೋ ಚಕ್ಕೆಗೆ ಪೇಟೆಂಟ್ ಸಿಗಲ್ಲ, ಹಾಗಾಗಿ ಕಂಪನಿಗೆ ಲಾಭ ಇಲ್ಲ. ಕೂಲಿಯವಳ ಮಂಡಿ ಯಾರ ಲಾಭದ ಪಟ್ಟಿಯಲ್ಲೂ ಇಲ್ಲ. ಇನ್ನೂ ಒಂದು ಕಾರಣ ಇದೆ, ಅದನ್ನ ನಮ್ಮವರೇ ಗಟ್ಟಿಯಾಗಿ ಹೇಳ್ಬೇಕು. ಅದು ಯಾರ ಮಾತು ಸಾಕ್ಷಿ ಅನ್ನೋ ಪ್ರಶ್ನೆ.

ನಮ್ಮ ದೇಶದ ಔಷಧ ನಿಯಮದಲ್ಲಿ, ಪಟ್ಟಿ ಮಾಡಿರೋ ಹಳೆಯ ಗ್ರಂಥಗಳಲ್ಲಿ ಹೇಳಿದ ಮದ್ದನ್ನ ಅದೇ ರೀತಿ ಮಾಡಿ ಅದೇ ಕಾಯಿಲೆಗೆ ಮಾರೋಕೆ, ಅದು ಕೆಲಸ ಮಾಡುತ್ತೆ ಅನ್ನೋ ಹೊಸ ಪರೀಕ್ಷೆ ಕೇಳಲ್ಲ. ಗ್ರಂಥವೇ ಸಾಕ್ಷಿ. ಗ್ರಂಥಕ್ಕೆ ಆ ಜ್ಞಾನ ಎಲ್ಲಿಂದ ಬಂತು? ಚರಕ ಸಂಹಿತೆಯೇ ಒಪ್ಪಿಕೊಳ್ಳುತ್ತೆ: ಗಿಡಮೂಲಿಕೆಯ ಹೆಸರು, ರೂಪ ಗೊತ್ತಿರೋದು ಕುರಿ ಮೇಕೆ ಮೇಯಿಸೋರಿಗೆ, ದನ ಕಾಯೋರಿಗೆ, ಕಾಡಲ್ಲಿ ಬದುಕೋರಿಗೆ ಅಂತ. ಅತ್ತ ಮನುಸ್ಮೃತಿ ವೈದ್ಯನ ಮನೆಯ ಅನ್ನವನ್ನ ಕೀವಿಗೆ ಹೋಲಿಸುತ್ತೆ. ಮೈ ಮುಟ್ಟಿದವನು, ಗಾಯ ತೊಳೆದವನು, ತೊಗಟೆ ಕುಟ್ಟಿದವನು ಮೈಲಿಗೆ. ಅವನ ತಿಳಿವಳಿಕೆ ಸಂಸ್ಕೃತದಲ್ಲಿ ಬರೆದ ಮೇಲೆ ಶಾಸ್ತ್ರ.

ಇದು ಹಳೇ ಕಥೆ ಅಂದ್ಕೋಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆ, ಕಾಡಿನ ಸಂಪತ್ತಿಂದ ಲಾಭ ಮಾಡೋರು ಅದನ್ನ ಕಾಪಾಡಿದ ಜನರ ಜೊತೆ ಲಾಭ ಹಂಚ್ಕೋಬೇಕು ಅಂತ ಹೇಳಿತ್ತು. 2018ರಲ್ಲಿ ಉತ್ತರಾಖಂಡ ಹೈಕೋರ್ಟು, ದೇಶದೊಳಗಿನ ಕಂಪನಿಗಳೂ ಹಂಚಲೇಬೇಕು ಅಂತ ತೀರ್ಪು ಕೊಟ್ಟಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನ ಬಳಸೋರಿಗೆ ಲಾಭ ಹಂಚಿಕೆಯಿಂದ ವಿನಾಯ್ತಿ ಸಿಕ್ತು. ಅಂದ್ರೆ ನಿಮ್ಮ ಅಜ್ಜಿಯ ಬಾಯಿಂದ ಪುಸ್ತಕಕ್ಕೆ ಹೋದದ್ದು ಪುಸ್ತಕದ್ದೇ ಆಯ್ತು. ಅಜ್ಜಿಗೆ ಕೊಡೋದು ಏನೂ ಇಲ್ಲ.

ಬೇರೆ ದಾರಿ ಇಲ್ವಾ? ಇದೆ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ಕಾಣಿ ಬುಡಕಟ್ಟಿನ ದಾರಿ ತೋರಿಸೋರು ಒಂದು ಕಾಡುಗಿಡದ ಕಾಯಿ ತಿಂದು ದಣಿವಿಲ್ಲದೆ ನಡೀತಿದ್ದದ್ದನ್ನ ವಿಜ್ಞಾನಿಗಳು ನೋಡಿದ್ರು. ಆ ಗಿಡ ಆರೋಗ್ಯಪಚ್ಚೆ. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ ಒಂದು ಔಷಧಿ ಮಾಡಿ 1995ರಲ್ಲಿ ತಯಾರಿಕೆಯ ಹಕ್ಕು ಕೊಟ್ಟಾಗ, ಬಂದ ಶುಲ್ಕ ಮತ್ತು ಗೌರವಧನದಲ್ಲಿ ಅರ್ಧ ಕಾಣಿ ಜನರಿಗೆ ಅಂತ ಆಯ್ತು. ಅದರಲ್ಲೂ ಜಗಳ, ಕೊರತೆ ಇದ್ದವು. ಆದ್ರೂ ಜ್ಞಾನ ಕೊಟ್ಟವರಿಗೆ ಹೆಸರು ಇತ್ತು, ಪಾಲು ಇತ್ತು. ನಮ್ಮ ತಂಗಿ ಓದಿದ ಎಷ್ಟೋ ಪ್ರಬಂಧಗಳಲ್ಲಿ ಇರೋದು ಒಂದೇ ಸಾಲು: "ಸ್ಥಳೀಯ ಜನರು ಇದನ್ನು ಬಳಸುತ್ತಾರೆ." ಯಾವ ಜನ? ಯಾವ ಊರು? ಯಾರ ಒಪ್ಪಿಗೆ ಕೇಳಿದ್ರಿ?

ಈಗ ಇದರ ಇನ್ನೊಂದು ಮುಖ ಹೇಳ್ತೀನಿ. ಪರೀಕ್ಷೆ ಅರ್ಧಕ್ಕೆ ನಿಂತಾಗ ಆ ಖಾಲಿ ಜಾಗಕ್ಕೆ ಯಾರು ಬರ್ತಾರೆ ಅಂತ ನಮ್ಮ ಚಿಕ್ಕವ್ವನ ಕೈ ನೋಡಿದ್ರೆ ಗೊತ್ತಾಗುತ್ತೆ.

ಚಿಕ್ಕವ್ವನಿಗೆ ಮೂವತ್ತೆಂಟಕ್ಕೇ ಬೆರಳು ಊದೋಕೆ ಶುರು. ಬೆಳಗ್ಗೆ ಮುದ್ದೆ ತೊಳಸೋಕಾಗಲ್ಲ, ಕೊಡ ಹಿಡಿಯೋಕಾಗಲ್ಲ. ಸಂತೆಯಲ್ಲಿ ಒಬ್ಬ "ಕಾಡಿನ ಚಕ್ಕೆ ಪುಡಿ, ಸೈಡ್ ಎಫೆಕ್ಟ್ ಇಲ್ಲ" ಅಂತ ಮಾರ್ತಿದ್ದ. ತಿಂಗಳಿಗೆ ಆರುನೂರು ರೂಪಾಯಿ. ಮೂರನೇ ದಿನಕ್ಕೇ ನೋವು ಮಾಯ. ಹಟ್ಟಿಯವರೆಲ್ಲ "ನೋಡು, ನಮ್ಮ ಹಳೇ ಮದ್ದು" ಅಂದ್ರು. ಒಂದು ವರ್ಷ ತಿಂದ್ಲು. ಮುಖ ಗುಂಡಗಾಯ್ತು, ಮೈ ಬಂತು, "ಚೆನ್ನಾಗಾಗಿದ್ದೀಯ" ಅಂದ್ರು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಚರ್ಮ ಕಾಗದದ ಹಾಗೆ ತೆಳ್ಳಗಾಗಿ ಮುಟ್ಟಿದ ಕಡೆಯೆಲ್ಲ ನೀಲಿಗಟ್ಟೋದು. ಒಂದಿನ ಬಚ್ಚಲಲ್ಲಿ ಸುಮ್ಮನೆ ಕುಸಿದ್ಲು, ತೊಡೆಯ ಮೂಳೆ ಮುರೀತು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಮುಖ ನೋಡಿದ ತಕ್ಷಣ ಕೇಳಿದ್ದು, "ಯಾವ ಪುಡಿ ತಿಂತಿದ್ದೆ ತಾಯಿ?" ಅಂತ. ಗಿಡಮೂಲಿಕೆ ಅಂತ ಮಾರೋ ಕೀಲುನೋವಿನ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸೋದು ಹೊಸದಲ್ಲ. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ಹಿಡಿದಿದ್ದಾರೆ. ಮೂರು ದಿನದಲ್ಲಿ ನೋವು ಎತ್ತಿದ್ದು ಚಕ್ಕೆಯಲ್ಲ, ಚಕ್ಕೆಯ ಹೆಸರಲ್ಲಿದ್ದ ಸ್ಟೀರಾಯ್ಡ್ ಅಂದ್ರು ಡಾಕ್ಟರಮ್ಮ. ಚಿಕ್ಕವ್ವನಿಗಿದ್ದದ್ದು ರುಮಟಾಯ್ಡ್. ನೋವು ಮುಚ್ಚಿಟ್ಟ ಆ ಒಂದು ವರ್ಷದಲ್ಲಿ ಬೆರಳು ಸೊಟ್ಟಗಾದವು. ಈಗ ವಾರಕ್ಕೊಂದು ಸಲ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ತಾಳೆ. ಅದು ದುಬಾರಿ ಔಷಧಿಯೇನಲ್ಲ. ಊತ ಇಳಿದಿದೆ. ಬೆರಳು ನೆಟ್ಟಗಾಗಿಲ್ಲ, ಆಗೋದೂ ಇಲ್ಲ.

ಅದಕ್ಕೇ ನಮ್ಮ ಜನಕ್ಕೆ ಕೈಮುಗಿದು ಮೂರು ಮಾತು. ಬೆರಳ ಗೆಣ್ಣು ಊದಿ, ಬೆಳಗ್ಗೆ ಬಿಗಿತ ಒಂದು ಗಂಟೆಗಿಂತ ಹೆಚ್ಚಿದ್ರೆ, ಆರು ವಾರ ದಾಟಿದ್ರೆ, ಜಿಲ್ಲಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಯಾವ ಪುಡಿಯಾದ್ರೂ ಎರಡು ಮೂರು ದಿನದಲ್ಲಿ ಪವಾಡ ಮಾಡಿದ್ರೆ ಅನುಮಾನ ಪಡಿ. ತಿಂಗಳುಗಟ್ಟಲೆ ತಿಂದಿದ್ರೆ ತಟ್ಟನೆ ನಿಲ್ಲಿಸಬೇಡಿ, ಪುಡಿಯ ಪೊಟ್ಟಣ ಹಿಡ್ಕೊಂಡೇ ಡಾಕ್ಟರ ಹತ್ರ ಹೋಗಿ. ಸ್ಟೀರಾಯ್ಡ್ ಇದ್ರೆ ಒಮ್ಮೆಲೆ ಬಿಡೋದು ಪ್ರಾಣಕ್ಕೇ ಕುತ್ತು. ಲಕ್ಕಿ ಸೊಪ್ಪಿನ ಶಾಖ ಹಿತ ಅನ್ನಿಸಿದ್ರೆ ಕೊಡಿ, ಬೇಡ ಅನ್ನಲ್ಲ. ಗುರುತಿಲ್ಲದ ತೊಗಟೆ ಕುದಿಸಿ ಕುಡೀಬೇಡಿ. ತುಳುನಾಡಲ್ಲಿ ಆಟಿ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯೋ ಪದ್ಧತಿ ಇದೆಯಲ್ಲ, ಅಲ್ಲೂ ಮರದ ಗುರುತು ಬಲ್ಲವರೇ ತೊಗಟೆ ತರಬೇಕು. ತಪ್ಪಿ ಕಾಸರಕದ ತೊಗಟೆ ಬಂದ್ರೆ ಅದರಲ್ಲಿರೋದು ಸ್ಟ್ರಿಕ್ನಿನ್, ಕೊಲ್ಲೋ ವಿಷ.

ಇನ್ನು ಸಂಘಟನೆಯ ಗೆಳೆಯರಿಗೆ. ಮೀಸಲಾತಿ, ಭೂಮಿ, ಸ್ಮಶಾನದ ಜೊತೆಗೆ ಇದನ್ನೂ ನಮ್ಮ ಬೇಡಿಕೆ ಪಟ್ಟಿಗೆ ಸೇರಿಸೋಣ ಅಂತ ನನ್ನ ವಿನಂತಿ.

ಒಂದು, ಸರ್ಕಾರದ ದುಡ್ಡಲ್ಲಿ ಇಲಿಯ ಮೇಲೆ ಪಾಸಾದ ತೊಗಟೆಗಳಲ್ಲಿ ಭರವಸೆ ಇರೋ ನಾಲ್ಕೈದನ್ನ ಆರಿಸಿ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ನಡೆಸಲಿ. ಕೆಲಸ ಮಾಡಲ್ಲ ಅಂತ ಬಂದ್ರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಪ್ರಕಟಿಸಲಿ. ಆ ಪರೀಕ್ಷೆಗೆ ನಮ್ಮ ಹೆಂಗಸರನ್ನ ಸೇರಿಸೋ ಮುಂಚೆ ಕನ್ನಡದಲ್ಲಿ, ಅವರಿಗೆ ಅರ್ಥ ಆಗೋ ಮಾತಲ್ಲಿ ವಿವರಿಸಿ ಒಪ್ಪಿಗೆ ಪಡೀಲಿ. ಬೇಡ ಅಂದ್ರೆ ಅವರ ಚಿಕಿತ್ಸೆಗೆ ತೊಂದರೆ ಆಗಬಾರದು. ನಾವು ಪ್ರಯೋಗದ ಇಲಿಗಳಾಗೋಕೆ ತಯಾರಿಲ್ಲ, ಪಾಲುದಾರರಾಗೋಕೆ ತಯಾರಿದ್ದೀವಿ.

ಎರಡು, 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಂ, ಜೀವವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನ ಒಪ್ಪಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೋರಾಡಿ ಸಮುದಾಯ ಅರಣ್ಯ ಹಕ್ಕು ಪಡೆದದ್ದು ಇದೇ ಕಾಯ್ದೆಯಲ್ಲಿ. ಹಕ್ಕು ಪುಸ್ತಕದಲ್ಲಿದೆ, ಕೇಳೋರು ಬೇಕು.

ಮೂರು, ಪ್ರತಿ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೀಬೇಕು ಅಂತ ಕಾನೂನಿದೆ. ನಿಮ್ಮ ಪಂಚಾಯ್ತಿಯಲ್ಲಿ ಆ ಪುಸ್ತಕ ತೆಗೆಸಿ ನೋಡಿ. ಸೂಲಗಿತ್ತಿ ಅಜ್ಜಿಯರ, ದನ ಕಾಯೋರ, ತೊಗಲು ಹದ ಮಾಡಿದೋರ ತಿಳಿವಳಿಕೆ ಅದರಲ್ಲಿ ಇದೆಯಾ? ಯಾರ ಹೆಸರಲ್ಲಿದೆ? ಎಷ್ಟು ಬರೀಬೇಕು, ಎಷ್ಟು ಗುಟ್ಟಾಗಿ ಇಡಬೇಕು ಅಂತ ತೀರ್ಮಾನ ಮಾಡೋದು ಅವರೇ ಆಗಿರಬೇಕು.

ನಾಲ್ಕು, ನಮ್ಮ ಮಕ್ಕಳು ಫಾರ್ಮಸಿ, ಸಸ್ಯಶಾಸ್ತ್ರ, ಸಂಖ್ಯಾಶಾಸ್ತ್ರ ಓದಲಿ. ಸಂಶೋಧನಾ ವಿದ್ಯಾರ್ಥಿವೇತನ ತಿಂಗಳು ತಿಂಗಳು ಸರಿಯಾಗಿ ಬರಲಿ. ತೊಟ್ಟಿಯ ಜ್ಞಾನ ಗೊತ್ತಿರೋ ಮನೆಯಿಂದ ಬಂದೋರು ಪ್ರಯೋಗಶಾಲೆಯಲ್ಲಿ ಕೂತಾಗಲೇ "ಇದು ಟ್ಯಾನಿನ್ ಆಟ" ಅಂತ ಮೊದಲ ದಿನವೇ ಹೇಳೋಕಾಗೋದು.

ನಮ್ಮ ತಾತ ಹೇಳಿದ್ದು ಅನ್ನೋ ಒಂದೇ ಕಾರಣಕ್ಕೆ ನಂಬಬೇಡಿ, ನಮ್ಮ ತಾತ ಹೇಳಿದ್ದು ಅನ್ನೋ ಕಾರಣಕ್ಕೆ ತಳ್ಳಲೂಬೇಡಿ. ಪರಂಪರೆಯಿಂದ ಬಂತು, ಗ್ರಂಥದಲ್ಲಿದೆ, ಗುರು ಹೇಳಿದ ಅಂತ ಯಾವುದನ್ನೂ ಒಪ್ಪಬೇಡಿ, ನೀವೇ ನೋಡಿ ತಿಳ್ಕೊಳ್ಳಿ ಅಂದ ಬುದ್ಧನ ದಾರಿಯನ್ನ ಬಾಬಾಸಾಹೇಬರು ನಮಗೆ ಕೊಟ್ಟಿದ್ದಾರೆ. ಆ ಬುದ್ಧನಿಗೆ ಚಿಕಿತ್ಸೆ ಮಾಡಿದ ವೈದ್ಯ ಜೀವಕ, ಹುಟ್ಟಿದ ಕೂಡಲೇ ತಿಪ್ಪೆಗೆ ಎಸೆಯಲ್ಪಟ್ಟ ಕೂಸು. ತಕ್ಷಶಿಲೆಯಲ್ಲಿ ಅವನ ಗುರು, ಸುತ್ತ ಒಂದು ಯೋಜನ ದೂರ ಹುಡುಕಿ ಮದ್ದಲ್ಲದ ಗಿಡ ಒಂದನ್ನ ತಾ ಅಂದನಂತೆ. ಅವನು ಬರಿಗೈಯಲ್ಲಿ ವಾಪಸ್ ಬಂದ. ಹುಡುಕದೆ ಬಂದವನಲ್ಲ, ಒಂದೊಂದು ಗಿಡವನ್ನೂ ನೋಡಿ ಬಂದವನು.

ನಿಮ್ಮ ಪಂಚಾಯ್ತಿಯ ದಾಖಲಾತಿ ಪುಸ್ತಕ ಸಿಕ್ಕಿದೋರು, ಸಿಗಲಿಲ್ಲ ಅಂತ ವಾಪಸ್ ಕಳಿಸಿಕೊಂಡೋರು, ಇಬ್ಬರೂ ಕೆಳಗೆ ಬರೆಯಿರಿ. ಪಟ್ಟಿ ಮಾಡ್ಕೊಂಡು ಜಿಲ್ಲಾ ಪಂಚಾಯ್ತಿಗೆ ಒಟ್ಟಿಗೆ ಹೋಗೋಣ. ಮರದ ಹೆಸರು ಮಾತ್ರ ಯಾರೂ ಬರೀಬೇಡಿ.

ಜೈ ಭೀಮ್.